ರಕ್ತ ತೊಳೆದರೆ ಕಾಯಿಲೆ ಹೋಗುವುದಿಲ್ಲ

ಪರಿಚಿತರೊಬ್ಬರು ಕಳುಹಿಸಿದ ವಿಡಿಯೊವೊಂದನ್ನು ಈಗಷ್ಟೇ ನೋಡಿದೆ. ರಕ್ತವನ್ನು ಯಂತ್ರದಲ್ಲಿ ತೊಳೆಸಿಕೊಂಡರೆ ಆಟೋಇಮ್ಯೂನ್ ಕಾಯಿಲೆಗಳು, ಅಂದರೆ ದೇಹದ ರಕ್ಷಣಾ ವ್ಯವಸ್ಥೆ ದೇಹದ ಮೇಲೆಯೇ ಎರಗುವ ಕಾಯಿಲೆಗಳು, ಬುಡಸಮೇತ ಹೋಗುತ್ತವೆ, ಆಮೇಲೆ ಮಾತ್ರೆಗಳ ಹಂಗೇ ಇರುವುದಿಲ್ಲ ಎಂದು ಅದರಲ್ಲಿ ಒಬ್ಬರು ಹೇಳುತ್ತಾರೆ. ನನಗಿರುವುದೂ ಅಂಥದೇ ಒಂದು, ಸ್ನಾಯುಗಳ ಬಲ ಕುಂದಿಸುವ ಮಯಸ್ತೇನಿಯಾ ಎಂಬ ಕಾಯಿಲೆ. ಆ ಯಂತ್ರದ ಪಕ್ಕದಲ್ಲಿ ಐದು ಸಲ ಮಲಗಿ ಎದ್ದವಳಾಗಿ ಈ ಮಾತು ಕೇಳಿ ಸುಮ್ಮನಿರಲಾರೆ.

ಆ ಯಂತ್ರದಲ್ಲಿ ಮಾಡುವ ಪ್ಲಾಸ್ಮಾ ಎಕ್ಸ್‌ಚೇಂಜ್‌ನಲ್ಲಿ ಯಾರೂ ರಕ್ತವನ್ನು ತೊಳೆಯುವುದಿಲ್ಲ. ರಕ್ತಕಣಗಳನ್ನು ಬೇರ್ಪಡಿಸಿ, ರಕ್ತದ ದ್ರವಭಾಗವಾದ ಪ್ಲಾಸ್ಮಾವನ್ನು ತೆಗೆದುಹಾಕಿ, ಅದರ ಬದಲಿಗೆ ಆಲ್ಬುಮಿನ್ ಎಂಬ ಪ್ರೋಟೀನಿನ ದ್ರಾವಣವನ್ನೋ ದಾನಿಗಳ ಪ್ಲಾಸ್ಮಾವನ್ನೋ ಸೇರಿಸಿ, ಕಣಗಳನ್ನು ಮರಳಿ ದೇಹಕ್ಕೆ ಬಿಡುತ್ತಾರೆ. ರೋಗಾಣುಗಳ ಬದಲು ನಮ್ಮ ಮೇಲೆಯೇ ಎರಗುವ ಪ್ರತಿಕಾಯಗಳು (ಆಂಟಿಬಾಡಿಗಳು) ಆ ಪ್ಲಾಸ್ಮಾದ ಜೊತೆ ಹೊರಹೋಗುತ್ತವೆ. ದೇಹದ ಪ್ಲಾಸ್ಮಾದಷ್ಟೇ ಪ್ರಮಾಣವನ್ನು ಒಮ್ಮೆ ಬದಲಿಸಿದರೆ ರಕ್ತನಾಳಗಳೊಳಗಿನ ಪ್ರತಿಕಾಯಗಳು ಶೇ 60ಕ್ಕಿಂತ ಹೆಚ್ಚು ತಗ್ಗುತ್ತವೆ. ಆದರೆ ಐಜಿಜಿ ಎಂಬ ಬಗೆಯ ಪ್ರತಿಕಾಯಗಳಲ್ಲಿ ಅರ್ಧಕ್ಕೂ ಹೆಚ್ಚು ಪಾಲು ರಕ್ತನಾಳಗಳ ಹೊರಗೆ, ಅಂಗಾಂಶಗಳಲ್ಲಿರುತ್ತದೆ. ಒಂದೆರಡು ದಿನಗಳಲ್ಲಿ ಅದು ಮತ್ತೆ ರಕ್ತಕ್ಕೆ ಬಂದು ಸೇರುತ್ತದೆ. ದಿನ ಬಿಟ್ಟು ದಿನ ಐದಾರು ಸಲ ಮಾಡುವುದು ಅದಕ್ಕಾಗಿಯೇ. ಇಷ್ಟಾದರೂ ಪ್ರತಿಕಾಯಗಳನ್ನು ತಯಾರಿಸುವ ಜೀವಕೋಶಗಳು ಇದ್ದಲ್ಲೇ ಇರುತ್ತವೆ. ಅವುಗಳನ್ನು ಅಡಗಿಸುವುದು ಆ ವಿಡಿಯೊದವರು ಬೇಡವೆನ್ನುವ ಮಾತ್ರೆಗಳೇ.

ಇದನ್ನು ನಾನು ಪಾಠವಾಗಿ ಕಲಿತದ್ದಲ್ಲ. ಮೂರನೆಯ ಸಲದ ನಂತರ ಜೋತುಬಿದ್ದಿದ್ದ ರೆಪ್ಪೆ ಮೇಲೆದ್ದಾಗ, ಅನ್ನವನ್ನು ತೊಡಕಿಲ್ಲದೆ ನುಂಗಿದಾಗ, ಗುಣವಾಯಿತೆಂದೇ ನಂಬಿದ್ದೆ. ಮನೆಗೆ ಬಂದು ಯಾರಿಗೂ ಹೇಳದೆ ಮಾತ್ರೆ ಬಿಟ್ಟೆ. ತಿಂಗಳು ತುಂಬುವುದರೊಳಗೆ ಒಂದು ವಸ್ತು ಎರಡಾಗಿ ಕಾಣತೊಡಗಿತು.

ಈ ಚಿಕಿತ್ಸೆಯನ್ನು ನಾನು ಹಳಿಯುತ್ತಿಲ್ಲ. ನನ್ನ ಉಸಿರು ಉಳಿಸಿದ್ದೇ ಅದು. ಟಿಟಿಪಿ ಎಂಬ ರಕ್ತದ ಕಾಯಿಲೆಯಲ್ಲಿ ಹಿಂದೆ ನೂರಕ್ಕೆ ಸುಮಾರು ತೊಂಬತ್ತು ಮಂದಿ ಸಾಯುತ್ತಿದ್ದರು, ಪ್ಲಾಸ್ಮಾ ಬದಲಾವಣೆ ಬಂದ ಮೇಲೆ ಹೆಚ್ಚಿನವರು ಬದುಕುತ್ತಿದ್ದಾರೆ. ನರಗಳನ್ನು ಬಾಧಿಸಿ ಕೈಕಾಲು ಸೋಲಿಸುವ ಗಿಲ್ಲೆನ್-ಬಾರ್ರೆ ಕಾಯಿಲೆಯ ರೋಗಿಗಳು ಇದರಿಂದ ಬೇಗ ನಡೆಯುವಂತಾಗುತ್ತಾರೆಂದು 1985ರಲ್ಲೇ ತಿಳಿದುಬಂದಿತ್ತು. ಆದರೆ ಮೂತ್ರಪಿಂಡಕ್ಕೆ ತಗುಲಿದ ತೀವ್ರ ಲೂಪಸ್ ಎಂಬ ಇನ್ನೊಂದು ಆಟೋಇಮ್ಯೂನ್ ಕಾಯಿಲೆಗೆ ಔಷಧಗಳ ಜೊತೆ ಇದನ್ನೂ ಕೊಟ್ಟು ನೋಡಿದ 1992ರ ಅಧ್ಯಯನದಲ್ಲಿ ಹೆಚ್ಚುವರಿ ಲಾಭವೇನೂ ಕಾಣಲಿಲ್ಲ. ಎಲ್ಲ ಆಟೋಇಮ್ಯೂನ್ ಕಾಯಿಲೆಗಳಿಗೂ ಒಂದೇ ಮಾತು ಹೇಳುವವರು ಇದನ್ನು ಯೋಚಿಸುವುದಿಲ್ಲವೇ?

ನೊಂದವರಿಗೆ ಒಂದಿಷ್ಟು ಭರವಸೆ ಸಿಕ್ಕರೆ ತಪ್ಪೇನು ಎಂದು ಕೆಲವರು ಕೇಳಬಹುದು. ಈ ಮಾತ್ರೆಗಳಲ್ಲೊಂದಾದ ಸ್ಟೀರಾಯ್ಡ್‌ನಿಂದ ಮುಖ ಊದಿ, ಮೂಳೆ ಸವೆದು ಬೇಸತ್ತವರ ಸಂಕಟ ನನಗೂ ಗೊತ್ತು. ಆದರೆ ಬಹುಕಾಲ ತೆಗೆದುಕೊಂಡ ಸ್ಟೀರಾಯ್ಡನ್ನು ಥಟ್ಟನೆ ಬಿಟ್ಟರೆ ಜೀವಕ್ಕೇ ಅಪಾಯ. ಅದನ್ನು ಮುಚ್ಚಿಟ್ಟು ಕೊಡುವುದನ್ನು ಭರವಸೆ ಎನ್ನಲು ನನಗೆ ಮನಸ್ಸು ಬರುವುದಿಲ್ಲ.

ವಿಡಿಯೊ ಕಳುಹಿಸಿದವರ ತಂಗಿಗೆ ಲೂಪಸ್ ಇದೆ. ಮಾತ್ರೆ ನಿಲ್ಲಿಸಬಹುದೇ ಎಂದು ಕೆಳಗೆ ಬರೆದಿದ್ದಾರೆ. ಅವರಿಗೆ ಈಗಲೇ ಫೋನ್ ಮಾಡುತ್ತೇನೆ.