ದಿವಾಳಿ ಏಳುವುದಕ್ಕೂ ಯೋಗ್ಯತೆ ಬೇಕು, ಸ್ವಾಮಿ

ಸಾಲ ಮೈಮೇಲೆ ಬಂದಿದೆ, ತೀರಿಸಲು ಆಗುತ್ತಿಲ್ಲ, ಕಾನೂನು ಪ್ರಕಾರ ದಿವಾಳಿ ಏಳಬಹುದಾ ಅಂತ ಜನ ವಕೀಲರನ್ನು ಕೇಳುತ್ತಿರುತ್ತಾರೆ. ಎಷ್ಟು ಆಸೆ ನೋಡಿ! ಅದೇನು ಸಲೀಸಾಗಿ ಸಿಗುವ ಭಾಗ್ಯವೇ? ಮೊದಲು ಒಂದು ಕಂಪನಿ ಮಾಡಿ. ಅದರ ಹೆಸರಲ್ಲಿ ಬ್ಯಾಂಕಿನಿಂದ ಕೋಟಿಗಟ್ಟಲೆ ಎತ್ತಿ. ಆ ಸಾಲಕ್ಕೆ ನೀವೇ ಜಾಮೀನು ಹಾಕಿ. ಕಂಪನಿ ಮುಳುಗಲಿ. ಆಮೇಲೆ ಬನ್ನಿ, ಮಾತಾಡೋಣ. ಮಗಳ ಮದುವೆಗೆ, ಅಪ್ಪನ ಆಪರೇಷನ್ನಿಗೆ, ನೀರು ಬಾರದ ಬೋರ್‌ವೆಲ್ಲಿಗೆ ಸಾಲ ಮಾಡಿದವರು ದಯವಿಟ್ಟು ಪಕ್ಕಕ್ಕೆ ನಿಲ್ಲಿ.

ಸುಮ್ನೆ ತಮಾಷೆಗೆ ಹೇಳುತ್ತಿಲ್ಲ. 2016ರ ದಿವಾಳಿ ಸಂಹಿತೆಯಲ್ಲಿ ವ್ಯಕ್ತಿಗಳಿಗೆಂದೇ ಒಂದು ಇಡೀ ಭಾಗ ಇದೆ. ಸಂಸತ್ತು ಪಾಸು ಮಾಡಿದೆ, ಪುಸ್ತಕ ಅಚ್ಚಾಗಿದೆ, ಲಾ ಕಾಲೇಜಿನ ಹುಡುಗರು ಅದನ್ನು ಓದಿ ಪರೀಕ್ಷೆಯನ್ನೂ ಬರೆಯುತ್ತಾರೆ. ಜಾರಿ ಮಾತ್ರ ಆಗಿಲ್ಲ. ತಪ್ಪು, ಸ್ವಲ್ಪ ಆಗಿದೆ. 2019ರ ಡಿಸೆಂಬರ್ 1ರಿಂದ, ಕಂಪನಿ ಸಾಲಕ್ಕೆ ಸ್ವಂತ ಜಾಮೀನು ಹಾಕಿದವರ ಮಟ್ಟಿಗೆ. ಅವರೋ, ಈ ಭಾಗ್ಯ ನಮಗೆ ಬೇಡವೇ ಬೇಡ ಅಂತ ಸುಪ್ರೀಂ ಕೋರ್ಟಿಗೆ ಹೋದರು. 2021ರಲ್ಲಿ ಕೋರ್ಟು ಅವರ ಮಾತು ಒಪ್ಪಲಿಲ್ಲ. ಹಲ್ಲಿದ್ದವನಿಗೆ ಕಡಲೆಯಿಲ್ಲ, ಕಡಲೆ ಇದ್ದವನಿಗೆ ಹಲ್ಲಿಲ್ಲ.

ನಾಳೆಯೇ ಎಲ್ಲರಿಗೂ ಜಾರಿಯಾಯಿತು ಅಂತಲೇ ಇಟ್ಟುಕೊಳ್ಳಿ. ಬಡವರ ಸಾಲ ಮನ್ನಾ ಮಾಡಿ ಹೊಸದಾಗಿ ಬದುಕು ಶುರು ಮಾಡಿಸುವ ಅವಕಾಶ ಅದರಲ್ಲಿದೆ. ಯಾರಿಗೆ? ವರ್ಷದ ಆದಾಯ 60,000 ರೂಪಾಯಿ ದಾಟಬಾರದು. ಅಂದರೆ ತಿಂಗಳಿಗೆ 5,000. ಆಸ್ತಿ 20,000 ದಾಟಬಾರದು. ಸಾಲ 35,000 ದಾಟಬಾರದು. ಸ್ವಂತ ಮನೆ ಇರಲೇಬಾರದು, ಅಡ ಇಟ್ಟ ಮನೆಯೂ ಲೆಕ್ಕಕ್ಕೆ ಬರುತ್ತದೆ. ಅತ್ತ ರಿಸರ್ವ್ ಬ್ಯಾಂಕ್ ಏನು ಹೇಳುತ್ತದೆ? ವರ್ಷಕ್ಕೆ 3 ಲಕ್ಷದವರೆಗೆ ಆದಾಯವಿರುವ ಕುಟುಂಬಕ್ಕೆ ಮೈಕ್ರೋಫೈನಾನ್ಸ್ ಸಾಲ ಕೊಡಬಹುದು. ಸಾಲ ಕೊಡುವಾಗ 3 ಲಕ್ಷದವರೆಗೂ ನೀವು ಬಡವರು. ಮನ್ನಾ ಕೇಳುವಾಗ 60,000ದ ಮೇಲೆ ಒಂದು ರೂಪಾಯಿ ಬಂದರೂ ಸಾಹುಕಾರರು. ಇಂಥ ಅಳತೆಗೋಲು ಯಾವ ಅಂಗಡಿಯಲ್ಲಿ ಸಿಗುತ್ತದೋ!

ಹಾಗಾದರೆ ಇವತ್ತು ನಮ್ಮಂಥವರಿಗೆ ಗತಿ ಯಾವುದು? ಬ್ರಿಟಿಷರು ಬಿಟ್ಟುಹೋದ 1920ರ ಪ್ರಾಂತೀಯ ದಿವಾಳಿ ಕಾಯ್ದೆ. ಅದು ಇನ್ನೂ ಗಟ್ಟಿಮುಟ್ಟಾಗಿದೆ. ಅದರ ಪ್ರಕಾರ ತೀರಿಸಲಾಗದ ಸಾಲ 500 ರೂಪಾಯಿ ಇದ್ದರೆ ಸಾಕು, ನೀವು ಕೋರ್ಟಿಗೆ ಅರ್ಜಿ ಹಾಕಬಹುದು. ಅರ್ಜಿ ಬರೆಯುವ ವಕೀಲರ ಫೀಸೇ ಅದಕ್ಕಿಂತ ಜಾಸ್ತಿ, ಅಲ್ವಾ? ಅದಕ್ಕೊಂದು ಕೈಸಾಲ ಮಾಡಿಕೊಳ್ಳಿ, ಅರ್ಜಿಗೂ ತೂಕ ಬರುತ್ತದೆ.

ದಿವಾಳಿಯ ಲಕ್ಷಣಗಳನ್ನೂ ಆ ಕಾಯ್ದೆ ಹೇಳಿದೆ. ಸಾಲ ಕೊಟ್ಟವರಿಗೆ ಸಿಗಬಾರದು ಅಂತ ಮನೆ ಬಿಟ್ಟು ಹೋಗುವುದು, ಅವರು ಮಾತಾಡಿಸಲು ಆಗದ ಹಾಗೆ ಬಚ್ಚಿಟ್ಟುಕೊಳ್ಳುವುದು, ದೇಶ ಬಿಡುವುದು. ಮಗುವಿನ ಕೈಲಿ 'ಅಪ್ಪ ಮನೇಲಿಲ್ಲ' ಅಂತ ಹೇಳಿಸುವುದು ಯಾವ ಕಲಮಿಗೆ ಬರುತ್ತದೆ ಅಂತ ವಕೀಲರೇ ಹೇಳಬೇಕು. ದೇಶ ಬಿಡುವ ವಿಚಾರದಲ್ಲಿ ನಮ್ಮ ರಾಜ್ಯಕ್ಕೆ ಸ್ವಲ್ಪ ಹೆಸರಿದೆ. ವಿಜಯ್ ಮಲ್ಯ ಅವರು 2016ರ ಮಾರ್ಚ್ 2ರಂದು ಲಂಡನ್ ವಿಮಾನ ಹತ್ತಿದಾಗ ಕರ್ನಾಟಕದಿಂದ ಆರಿಸಿಹೋದ ರಾಜ್ಯಸಭಾ ಸದಸ್ಯರು. ದಿವಾಳಿ ಸಂಹಿತೆ ಬಂದದ್ದು ಅದೇ ಮೇ ತಿಂಗಳಲ್ಲಿ. ಕೊನೆಗೆ ನಮ್ಮ ಬ್ಯಾಂಕುಗಳೆಲ್ಲ ಲಂಡನ್ನಿನ ಕೋರ್ಟಿಗೇ ಹೋಗಿ, 2021ರ ಜುಲೈನಲ್ಲಿ ಅವರಿಗೆ ಅಲ್ಲಿ ದಿವಾಳಿ ಪಟ್ಟ ಕಟ್ಟಿಸಿದವು. ದೊಡ್ಡವರಿಗೆ ದಿವಾಳಿಯೂ ಫಾರಿನ್ನದೇ ಆಗಬೇಕು.

1920ರ ಕಾಯ್ದೆಯಲ್ಲಿ ನನಗೆ ಬಹಳ ಇಷ್ಟವಾದದ್ದು ಇನ್ನೊಂದಿದೆ. ಕೋರ್ಟಿನಿಂದ ಬಿಡುಗಡೆ, ಅಂದರೆ ಹಳೇ ಸಾಲದಿಂದ ಮುಕ್ತಿ, ಸಿಗದ ದಿವಾಳಿ 50 ರೂಪಾಯಿ ಅಥವಾ ಅದಕ್ಕಿಂತ ಜಾಸ್ತಿ ಸಾಲ ತೆಗೆದುಕೊಳ್ಳುವಾಗ ತಾನು ದಿವಾಳಿ ಅಂತ ಮೊದಲೇ ಹೇಳಬೇಕು. ಹೇಳದಿದ್ದರೆ ಆರು ತಿಂಗಳವರೆಗೆ ಜೈಲು. ಪರಿಚಯದ ಹೋಟೆಲಿನಲ್ಲಿ ಒಂದು ಮಸಾಲೆ ದೋಸೆ, ಒಂದು ಕಾಫಿ ಲೆಕ್ಕಕ್ಕೆ ಬರೆಸಿದರೆ 50 ದಾಟಿತು. ಹಾಗಾಗಿ ಗಲ್ಲಾದಲ್ಲಿ ಕೂತವರಿಗೆ ಮೊದಲು ಕೈಮುಗಿದು, 'ಭಟ್ರೇ, ನಾನು ದಿವಾಳಿ ಎದ್ದವನು, ಒಂದು ಮಸಾಲೆ' ಅನ್ನಬೇಕು. ಬರೀ ಕಾಫಿಯಾದರೆ ಏನೂ ಹೇಳಬೇಕಾಗಿಲ್ಲ.

ಜೈಲಿಗೆ ಹಾಕುತ್ತಾರಾ ಅಂತಲೂ ಕೇಳುತ್ತಾರೆ. ಕೈಯಲ್ಲಿ ನಿಜವಾಗಿಯೂ ಇಲ್ಲದವನನ್ನು ಹಾಕುವಂತಿಲ್ಲ, ಇದ್ದೂ ಕೊಡದವನನ್ನು ಹಾಕಬಹುದು ಅಂತ 1980ರಲ್ಲೇ ಸುಪ್ರೀಂ ಕೋರ್ಟು ಹೇಳಿದೆ. ಹಾಕಿದರೂ ಅದು ಸಿವಿಲ್ ಜೈಲು, ಹೆಚ್ಚೆಂದರೆ ಮೂರು ತಿಂಗಳು. ಸ್ವಾರಸ್ಯ ಇರುವುದು ಊಟದಲ್ಲಿ. ಒಳಗಿದ್ದಷ್ಟು ದಿನ ನಿಮ್ಮ ಊಟದ ಖರ್ಚನ್ನು ಸಾಲ ಕೊಟ್ಟವರೇ ಮುಂಗಡವಾಗಿ ಕಟ್ಟಬೇಕು. ಕಟ್ಟುವುದು ನಿಲ್ಲಿಸಿದರೆ ನಿಮಗೆ ಬಿಡುಗಡೆ. ಆಹಾ, ಮಾವನ ಮನೆ ಅಂದುಕೊಂಡಿರಾ? ಆ ಊಟದ ದುಡ್ಡನ್ನು ದಾವೆಯ ಖರ್ಚು ಅಂತ ನಿಮ್ಮ ಲೆಕ್ಕಕ್ಕೇ ಸೇರಿಸುತ್ತಾರೆ. ಮೂರು ತಿಂಗಳು ಕಳೆದು ಹೊರಗೆ ಬಂದಾಗ ಸಾಲ ಹಾಗೇ ಇರುತ್ತದೆ, ಜೈಲಿನ ಸಾರು ಮುದ್ದೆಯ ಬಿಲ್ಲು ಸೇರಿ.

ಜಪ್ತಿಗೆ ಕೋರ್ಟಿನ ಅಮೀನ ಬಂದರೂ ಉಟ್ಟ ಬಟ್ಟೆ, ಹಾಸಿಗೆ, ಅಡುಗೆಗೆ ಬೇಕಾದ ಪಾತ್ರೆ, ಹೆಂಡತಿಯ ತಾಳಿ ಮುಟ್ಟುವಂತಿಲ್ಲ. ಮಿಕ್ಸಿ ಪಾತ್ರೆಯೋ ಯಂತ್ರವೋ ಅಂತ ಅಮೀನರ ಜೊತೆ ಅರ್ಧ ಗಂಟೆ ವಾದ ಮಾಡಬಹುದು.

ಹೆಂಗಸರನ್ನಂತೂ ಸಾಲದ ಡಿಕ್ರಿಗಾಗಿ, ಅಂದರೆ ದುಡ್ಡು ಕಟ್ಟು ಅನ್ನುವ ಕೋರ್ಟಿನ ತೀರ್ಪಿಗಾಗಿ, ಬಂಧಿಸುವಂತೆಯೇ ಇಲ್ಲ. ಎಂಥ ಮರ್ಯಾದೆ! ಅದಕ್ಕೇ ಸಂಘದ ಸಾಲ ವಸೂಲಿಗೆ ಬಂದವರು ಯಾರನ್ನೂ ಬಂಧಿಸುವುದಿಲ್ಲ. ಜಗುಲಿಯ ಮೇಲೆ ಕೂತುಬಿಡುತ್ತಾರೆ, ಕಂತು ಬರುವವರೆಗೆ ಏಳುವುದಿಲ್ಲ. ಜೊತೆಗೆ ಅದೇ ಸಂಘದ ಅಕ್ಕಂದಿರನ್ನೂ ಕರೆತಂದು ಕೂರಿಸುತ್ತಾರೆ, ಯಾಕೆಂದರೆ ಒಬ್ಬಳು ಕಟ್ಟದಿದ್ದರೆ ಉಳಿದವರು ಕಟ್ಟಬೇಕು. ಹಳ್ಳಿಗಳಲ್ಲಿ ಜನ ಮನೆಗೆ ಬೀಗ ಹಾಕಿ ಊರು ಬಿಡಲು ಶುರು ಮಾಡಿದ ಮೇಲೆ, 2025ರ ಫೆಬ್ರವರಿಯಲ್ಲಿ ರಾಜ್ಯ ಸರ್ಕಾರ ಸುಗ್ರೀವಾಜ್ಞೆ ತಂದಿತು. ಕಿರುಕುಳ ಕೊಟ್ಟರೆ 10 ವರ್ಷದವರೆಗೆ ಜೈಲು, 5 ಲಕ್ಷದವರೆಗೆ ದಂಡ. ಬೀಗ ಹಾಕಿ ಹೋದವರು 1920ರ ಕಾಯ್ದೆಯ ಪ್ರಕಾರ 'ಮನೆ ಬಿಟ್ಟು ಹೋದವರು' ಆಗುತ್ತಾರೆ. ದಿವಾಳಿಯ ಒಂದು ಲಕ್ಷಣವಾದರೂ ಕೂಡಿಬಂತು.

ಊರಿನ ಮುಖಂಡರ ಪ್ರಶ್ನೆಯೇ ಬೇರೆ. ದಿವಾಳಿ ಎದ್ದರೆ ಚುನಾವಣೆಗೆ ನಿಲ್ಲಬಹುದಾ? ಆಗುವುದಿಲ್ಲ. ಸಂವಿಧಾನದ 102 ಮತ್ತು 191ನೇ ವಿಧಿ ನೋಡಿ. ಕೋರ್ಟಿನಿಂದ ಬಿಡುಗಡೆ ಸಿಗದ ದಿವಾಳಿಗೆ ಎಂಪಿ, ಎಂಎಲ್‌ಎ ಕುರ್ಚಿ ಇಲ್ಲ. ಸಾಲಕ್ಕೆ ಮಾತ್ರ ಯಾವ ಅಡ್ಡಿಯೂ ಇಲ್ಲ. ನಾಮಪತ್ರದ ಜೊತೆಗಿನ ಅಫಿಡವಿಟ್ಟಿನಲ್ಲಿ ಅದಕ್ಕೆಂದೇ ಜಾಗ ಇದೆ, ಎಷ್ಟು ಕೋಟಿ ಬೇಕಾದರೂ ಬರೆಯಬಹುದು. ಸೊನ್ನೆ ಜಾಸ್ತಿಯಾದಷ್ಟೂ ಜನ 'ಭಾರೀ ಕುಳ' ಅಂತ ಮಾತಾಡಿಕೊಳ್ಳುತ್ತಾರೆ. ಹಾಗಾಗಿ ಮುಖಂಡರು ದಿವಾಳಿಯ ಯೋಚನೆ ಬಿಟ್ಟು, ಟಿಕೆಟ್ಟಿಗೆ ಓಡಾಡಲು ಇನ್ನೊಂದು ಸಾಲಕ್ಕೆ ಅರ್ಜಿ ಹಾಕಿದ್ದಾರೆ.