ಕುರ್ಚಿಯ ಬೆನ್ನು ನೋಡಿ

ಊರಿಂದ ಅಪ್ಪ ಅಮ್ಮ ಬಂದರೆ ಹ್ಯೂಸ್ಟನ್ ಕನ್ನಡಿಗರು ತಪ್ಪದೆ ತೋರಿಸುವುದು ನಾಸಾ, ಆಮೇಲೆ ಪೇರ್‌ಲ್ಯಾಂಡ್‌ನ ಮೀನಾಕ್ಷಿ ಗುಡಿ. ಆ ಪಟ್ಟಿಗೆ ಬೈಯೂ ಬೆಂಡ್ ಸೇರಬೇಕು. ಅಮೆರಿಕದ ವಸಾಹತು ಕಾಲದ ಕುರ್ಚಿ, ಬೀರು, ಬೆಳ್ಳಿ ಪಾತ್ರೆ, ಭಾವಚಿತ್ರ ತುಂಬಿದ ಬಂಗಲೆ ಅದು. ಮೈಸೂರಿನ ಜಗನ್ಮೋಹನ ಅರಮನೆ ಕಂಡವರು ಎರಡನ್ನೂ ತೂಗಿ ನೋಡದೆ ಇರಲಾರರು.

ಮನೆಯ ಮಟ್ಟಿಗೆ ಮೈಸೂರೇ ಮೇಲು. ಬೈಯೂ ಬೆಂಡ್ ಮುಗಿದದ್ದು 1928ರಲ್ಲಿ. ಟೆಕ್ಸಾಸ್ ಗವರ್ನರ್ ಒಬ್ಬರ ಮಗಳು ಇಮಾ ಹಾಗ್, ವಾಸ್ತುಶಿಲ್ಪಿ ಜಾನ್ ಸ್ಟಾಬ್ ಕೈಲಿ ಕಟ್ಟಿಸಿ, 1957ರಲ್ಲಿ ನಗರದ ಲಲಿತಕಲಾ ಮ್ಯೂಸಿಯಂಗೆ ಕೊಟ್ಟರು. ಜನರಿಗೆ ಬಾಗಿಲು ತೆರೆದದ್ದು 1966ರಲ್ಲಿ. ಟೆಕ್ಸಾಸ್ ಬ್ರಿಟಿಷರ ವಸಾಹತೇ ಆಗಿರಲಿಲ್ಲ ಬೇರೆ! ಸಾಮಾನು ಅಸಲಿ, ಮನೆ ರಂಗಸಜ್ಜಿಕೆ. ಜಗನ್ಮೋಹನ ಹಾಗಲ್ಲ. 1861ರ ಕಟ್ಟಡ, 1897ರಲ್ಲಿ ಹಳೆಯ ಮರದ ಅರಮನೆ ಸುಟ್ಟಾಗ ರಾಜಮನೆತನ ಬಂದು ಇದ್ದದ್ದು ಅಲ್ಲಿ, 1902ರಲ್ಲಿ ನಾಲ್ವಡಿಯವರು ಅಧಿಕಾರ ವಹಿಸಿಕೊಂಡದ್ದೂ ಅಲ್ಲೇ.

ಆದರೆ ವಸ್ತುವನ್ನು ಓದಿಸುವ ರೀತಿಯಲ್ಲಿ ಹ್ಯೂಸ್ಟನ್ ಬಹಳ ಮುಂದಿದೆ. ವಿವರಣೆಕಾರರ ಜೊತೆ ಸಣ್ಣ ಗುಂಪಾಗಿ ಹೋದರೆ ಒಂದು ಕುರ್ಚಿಯ ಮುಂದೆ ಐದು ನಿಮಿಷ ಬೇಕಾದರೂ ನಿಲ್ಲಬಹುದು. ಮೊದಲು ಕಾಲು ನೋಡಿ. ಬಾಗಿದ ಕಾಲು, ಹೂದಾನಿಯಾಕಾರದ ಬೆನ್ನುಪಟ್ಟಿ ಇದ್ದರೆ ಕ್ವೀನ್ ಆ್ಯನ್ ಶೈಲಿ. ಹಕ್ಕಿಯ ಉಗುರು ಚೆಂಡನ್ನು ಹಿಡಿದಂಥ ಪಾದ, ಕೊರೆದು ಜಾಲರಿ ಮಾಡಿದ ಬೆನ್ನು ಇದ್ದರೆ ಸಾಮಾನ್ಯವಾಗಿ ಅದರ ನಂತರದ ಚಿಪೆಂಡೇಲ್ ಶೈಲಿ. ಯಾವ ಊರಿನಲ್ಲಿ ಮಾಡಿದ್ದೆಂದು ಹಿಡಿಯಲು ಕುರ್ಚಿಯ ಹಿಂದಕ್ಕೆ ಹೋಗಬೇಕು. ಕೂರುವ ಚೌಕಟ್ಟಿನ ಪಕ್ಕದ ಪಟ್ಟಿಯ ತುದಿ ಹಿಂಗಾಲನ್ನು ತೂರಿ ಆಚೆ ಕಂಡರೆ ಬಹುಮಟ್ಟಿಗೆ ಫಿಲಡೆಲ್ಫಿಯಾದ ಬಡಗಿಯ ಕೈ. ಚೆಂಡು ಹಿಡಿದ ಪಾದದ ಪಕ್ಕದ ಉಗುರುಗಳು ಹಿಂದಕ್ಕೆ ವಾಲಿದ್ದರೆ ಬಾಸ್ಟನ್. ಉಗುರು ಮತ್ತು ಚೆಂಡಿನ ನಡುವೆ ಬೆಳಕು ತೂರುವಂತೆ ಕೆತ್ತಿದ್ದರೆ ನ್ಯೂಪೋರ್ಟ್. ಬೀರುಗಳಲ್ಲಿ ಗುಟ್ಟು ಇರುವುದು ಡ್ರಾಯರ್ ಒಳಗೆ: ಮುಂಭಾಗ ಮಹೋಗನಿ, ಒಳಗಡೆ ಅಗ್ಗದ ಸ್ಥಳೀಯ ಮರ. ಬಾಸ್ಟನ್ನಿನವರಾದರೆ ಬಿಳಿ ಪೈನ್, ಫಿಲಡೆಲ್ಫಿಯಾದವರಾದರೆ ಹೆಚ್ಚಾಗಿ ಟ್ಯುಲಿಪ್ ಪಾಪ್ಲರ್. ನೀವು ಎಳೆದು ನೋಡುವಂತಿಲ್ಲ, ವಿವರಣೆಕಾರರನ್ನು ಕೇಳಿ.

ಇಂಥ ಓದು ನಮ್ಮ ಅರಮನೆಗಳಲ್ಲಿ ಯಾಕಿರಬಾರದು? ಬೀಟೆ ಮರದ ಮೇಲೆ ಕುಸುರಿ ಕೂರಿಸುವ ಕಸುಬು ಮೈಸೂರಿನಲ್ಲಿ ಇಂದಿಗೂ ಬದುಕಿದೆ. ಯಾವ ಮರ, ಯಾವ ಕಚ್ಚು ಎಂದು ಹೇಳಬಲ್ಲ ಕುಶಲಕರ್ಮಿಗಳು ಅರಮನೆಯಿಂದ ಆಟೋ ದೂರದಲ್ಲೇ ಇದ್ದಾರೆ.

ಬೈಯೂ ಬೆಂಡ್ ಕೋಣೆಗಳಲ್ಲಿ ಬೆಳಕು ಮಂದ ಅಂತ ಗೊಣಗಬೇಡಿ. ನೂಲು, ಜಲವರ್ಣಗಳಿಗೆ ವಸ್ತುಸಂಗ್ರಹಾಲಯಗಳು ಸಾಮಾನ್ಯವಾಗಿ ಇಟ್ಟುಕೊಳ್ಳುವ ಮಿತಿ 50 ಲಕ್ಸ್ (ಬೆಳಕಿನ ಅಳತೆ), ತೈಲವರ್ಣಕ್ಕೆ 200ರ ಆಸುಪಾಸು. ಬಣ್ಣ ಒಮ್ಮೆ ಮಾಸಿದರೆ ಮತ್ತೆ ಬರುವುದಿಲ್ಲ. ಜಗನ್ಮೋಹನದಲ್ಲಿರುವ, ಚಿತ್ರಕಾರ ಹಳದಂಕರರ ದೀಪ ಹಿಡಿದ ಹೆಂಗಸಿನ ಚಿತ್ರವೂ ಜಲವರ್ಣವೇ, ಆದ್ದರಿಂದ ಕತ್ತಲ ಕೋಣೆ ಅದಕ್ಕೆ ಬರೀ ನಾಟಕೀಯತೆಯಲ್ಲ, ರಕ್ಷಣೆ ಕೂಡ.

ಬೈಯೂ ಬೆಂಡ್‌ಗೆ ಹೋದವರು ಮಾಡುವ ದೊಡ್ಡ ತಪ್ಪು ಎಲ್ಲ ಕೋಣೆಗಳನ್ನೂ ಒಂದೇ ಉಸಿರಿಗೆ ಮುಗಿಸುವುದು. ನಾಲ್ಕು ಸಾಕು, ಅದರಲ್ಲಿ ವಸಾಹತು ಕಾಲದ ಚಿತ್ರಕಾರ ಕೋಪ್ಲಿಯ ಭಾವಚಿತ್ರಗಳೂ ಬಾಸ್ಟನ್ನಿನ ಅಕ್ಕಸಾಲಿಗ ಪಾಲ್ ರಿವಿಯರ್ ಮಾಡಿದ ಬೆಳ್ಳಿಯೂ ಬರಲಿ. ಬೆನ್ನ ಮೇಲಿನ ಬ್ಯಾಗು ತಿರುಗುವಾಗ ಮೇಜಿಗೆ ತಗಲುತ್ತದೆ, ಕಾರಿನಲ್ಲೇ ಬಿಡಿ. ಚೂಪು ಹಿಮ್ಮಡಿಯ ಚಪ್ಪಲಿ ಹಳೆಯ ನೆಲಕ್ಕೆ ಶತ್ರು.

ಇನ್ನೊಂದು ಪ್ರಶ್ನೆಯನ್ನು ನೀವೇ ಎತ್ತಬೇಕಾದೀತು. ಆ ಮಹೋಗನಿ ಬಂದದ್ದು ಜಮೈಕಾ, ಹೊಂಡುರಾಸ್ ಕಡೆಯ ಕಾಡುಗಳಿಂದ, ಕಡಿದವರು ಗುಲಾಮರು. ಹೊಳಪು ಹೊಗಳುವ ಮಾತಿನ ನಡುವೆ ಇದು ಜಾರಿಹೋಗುತ್ತದೆ. ಬೀಟೆ, ದಂತದ ನಮ್ಮ ವೈಭವದ ಹಿಂದೆ ಯಾರ ಬೆವರಿತ್ತು ಅಂತ ನಾವೂ ಹೇಳಿಕೊಳ್ಳುವುದು ಕಡಿಮೆಯೇ.

ಬಂಗಲೆಗೆ ಹೋಗುವುದು ಬಫಲೋ ಬೈಯೂ ಎಂಬ ಹೊಳೆಯ ಮೇಲಿನ ಕಾಲುಸೇತುವೆ ದಾಟಿ. ಸುತ್ತ 14 ಎಕರೆ, ಮಾರ್ಚ್‌ನಲ್ಲಿ ಅಝೇಲಿಯಾ ಹೂ. 2017ರ ಹಾರ್ವೆ ಚಂಡಮಾರುತದಲ್ಲಿ ಈ ತೋಟ ನೆರೆಯಲ್ಲಿ ಮುಳುಗಿ ಕೆಸರು ತುಂಬಿತ್ತು. ಹಿಂದಿನ ರಾತ್ರಿ ಜೋರು ಮಳೆಯಾಗಿದ್ದರೆ ತೋಟ ತೆರೆದಿದೆಯೇ ಎಂದು ಫೋನ್ ಮಾಡಿ ಹೊರಡಿ, ಸೊಳ್ಳೆಗೆ ಏನಾದರೂ ಹಚ್ಚಿಕೊಳ್ಳಿ.