ಬಾನೆಟ್ ತೆಗೆಸಿ ನೋಡಿದ ಕಾರು

ನಾನು ಮೊದಲ ಸಲ ಮಾರುತಿ 800 ನೋಡಿದ್ದು ನಮ್ಮೂರ ಬಸ್ ಸ್ಟ್ಯಾಂಡಿನಲ್ಲಿ. ಕೆಂಪು ಬಣ್ಣ, ಮೈಯೆಲ್ಲ ಧೂಳು. ಯಾರದೋ ಮನೆಗೆ ಬಂದ ನೆಂಟರ ಕಾರು. ಸುತ್ತ ಜನ ಮುತ್ತಿಕೊಂಡಿದ್ದರು. ನಾವು ಹುಡುಗರು ದೊಡ್ಡವರ ಕಾಲ ಸಂದಿಯಲ್ಲಿ ನುಸುಳಿ ಮುಂದೆ ಹೋಗಿ ನಿಂತೆವು.

ನಮ್ಮೂರಲ್ಲಿ ಅಂಬಾಸಡರ್ ಟ್ಯಾಕ್ಸಿ ಓಡಿಸುತ್ತಿದ್ದವರು ಒಬ್ಬರೇ. ಊರ ಮಕ್ಕಳಿಗೆಲ್ಲ ಅವರು ಟ್ಯಾಕ್ಸಿ ಮಾವ. ಎರಡು ಸುತ್ತು ಬಂದು, "ಸಾರ್, ಬಾನೆಟ್ ಸ್ವಲ್ಪ ತೆಗೀರಿ, ನೋಡೋಣ" ಅಂದರು. ತೆಗೆದರು. ಮಾವ ಒಳಗೆ ಬಗ್ಗಿ ನೋಡಿದವರು ಎದ್ದು ನಿಂತು, "ಇದೇನು, ಇಂಜಿನ್ ಅಡ್ಡ ಇಟ್ಟಿದ್ದಾರೆ!" ಅಂದರು. ಮೂರೇ ಸಿಲಿಂಡರ್, 796 ಸಿಸಿ ಅಂತ ಗೊತ್ತಾದ ಮೇಲಂತೂ ನಕ್ಕೇಬಿಟ್ಟರು. ಅವರ ಅಂಬಾಸಡರ್‌ನದ್ದು ಹತ್ತಿರ ಹತ್ತಿರ 1,500 ಸಿಸಿ. "ಇದು ಏರು ಹತ್ತಲ್ಲ, ಬರೆದಿಟ್ಕೊಳ್ಳಿ."

ನಾವು ನಂಬಿದೆವು. ಯಾಕೆ ನಂಬಬಾರದು? ನಮಗೆ ಕಾರು ಅಂದರೆ ಎರಡೇ, ಅಂಬಾಸಡರ್ ಮತ್ತು ಫಿಯಟ್. ಒಂದು ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್, ಇನ್ನೊಂದು ಇಟಲಿಯ ಫಿಯಟ್ 1100. ಎರಡೂ ನಾವು ಹುಟ್ಟೋ ಮೊದಲೇ ಬಂದು ಹಾಗೇ ಕೂತಿದ್ದವು. ಫಿಯಟ್ಟಿಗೆ ಪದ್ಮಿನಿ ಅಂತ ಹೆಸರು ಬದಲಾಯಿತು, ಮುಖ ಬದಲಾಗಲಿಲ್ಲ. ತಿರುವಿನಾಚೆ ಸದ್ದು ಕೇಳಿದರೆ ಸಾಕು, ಯಾವ ಕಾರು ಅಂತ ನೋಡದೇ ಹೇಳುತ್ತಿದ್ದೆವು. ಎರಡೇ ಇದ್ದಾಗ ಅದೇನು ದೊಡ್ಡ ಜಾಣತನ ಅಲ್ಲ ಬಿಡಿ! 1983ರ ಡಿಸೆಂಬರಿನಲ್ಲಿ ಇಂದಿರಾ ಗಾಂಧಿ ಮೊದಲ ಮಾರುತಿಯ ಕೀ ಕೊಟ್ಟರು. ನಮ್ಮೂರಿಗೆ ಅದು ಬರೋ ಹೊತ್ತಿಗೆ ನಾನು ಎರಡು ಕ್ಲಾಸು ಪಾಸಾಗಿದ್ದೆ.

ಈ ನೆನಪು ಹೇಳಿದರೆ ನನ್ನ ವಯಸ್ಸಿನವರು "ಆ ಕಾಲವೇ ಚೆಂದ" ಅನ್ನುತ್ತಾರೆ. ನನಗೆ ಹಾಗನ್ನಿಸಲ್ಲ. ಯಾರು ಕಾರು ಮಾಡಬೇಕು, ಎಷ್ಟು ಮಾಡಬೇಕು ಅಂತ ಸರ್ಕಾರ ಲೈಸೆನ್ಸ್ ಕೊಟ್ಟು ನಿರ್ಧರಿಸುತ್ತಿತ್ತು. ದುಡ್ಡು ಕಟ್ಟಿ ವರ್ಷಗಟ್ಟಲೆ ಕಾಯಬೇಕಿತ್ತು. ಒಂದು ಕಾರಿಗೆ ಊರೆಲ್ಲ ಸೇರುತ್ತಿದ್ದದ್ದು ನಾವು ದೊಡ್ಡ ರಸಿಕರು ಅಂತ ಅಲ್ಲ, ನೋಡಲು ಬೇರೆ ಇರಲಿಲ್ಲ ಅಂತ. 1993ರಲ್ಲಿ ಕಾರಿನ ಲೈಸೆನ್ಸ್ ಹೋಯಿತು. ಆಮೇಲೆ ಝೆನ್, ಸುಮೋ, ಸಿಯೆಲೋ. 1998 ಒಂದರಲ್ಲೇ ಸ್ಯಾಂಟ್ರೋ, ಮ್ಯಾಟಿಜ್, ಇಂಡಿಕಾ. ಸುಮೋ ಬಂದಾಗ ಒಳಗೆ ಎಷ್ಟು ಜನ ಹಿಡಿಸುತ್ತಾರೆ ಅಂತ ಹತ್ತಿ ಕೂತು ಎಣಿಸಿದ್ದು ಬಿಟ್ಟರೆ, ಮಿಕ್ಕಿದ್ದು ಯಾವಾಗ ಬಂತು ಅಂತಲೇ ನೆನಪಿಲ್ಲ. ಬಸ್ ಸ್ಟ್ಯಾಂಡಿನಲ್ಲಿ ಬಾನೆಟ್ ತೆಗೀರಿ ಅನ್ನೋರೂ ಇರಲಿಲ್ಲ.

ಯಾಕಂದರೆ ಟ್ಯಾಕ್ಸಿ ಮಾವ ಅಷ್ಟರಲ್ಲಿ ಅಂಬಾಸಡರ್ ಮಾರಿ, ಸೆಕೆಂಡ್ ಹ್ಯಾಂಡ್ ಮಾರುತಿ ಓಮ್ನಿ ವ್ಯಾನ್ ತಂದಿದ್ದರು. ಪಕ್ಕಕ್ಕೆ ಜಾರುವ ಬಾಗಿಲನ್ನು ನಾವೆಲ್ಲ ಹತ್ತು ಸಲ ಎಳೆದು ತಳ್ಳಿ ಬೈಸಿಕೊಂಡೆವು. ಇಂಜಿನ್ ಎಲ್ಲಿ ಅಂದರೆ ಮಾವ ತಾವು ಕೂತಿದ್ದ ಸೀಟನ್ನೇ ತಟ್ಟಿ ತೋರಿಸಿದರು. ಅದೇ ಮೂರು ಸಿಲಿಂಡರ್, ಅದೇ 796 ಸಿಸಿ.

"ಏರು ಹತ್ತುತ್ತಾ ಮಾವ?" ಅಂತ ಕೇಳಿದೆ.

"ಹತ್ತುತ್ತೆ ಕಣೋ. ನೀನು ಇಳಿದು ನಡೆದ್ರೆ."